ಅಪ್ಪಯ್ಯನಿಗೊಂದು ಶಿಕಾರಿ ಪತ್ರ

ಮ್ಯಾಡಿಸನ್, ವಿಸ್ಕಾನ್ಸಿನ್
6 ಸೆಪ್ಟೆಂಬರ್ 2025

ಪ್ರೀತಿಯ ಅಪ್ಪಯ್ಯನಿಗೆ, ಅಮ್ಮನಿಗೆ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ. ನಾನು ಕೋವಿ ಹಿಡಿದು ಶಿಕಾರಿಗೆ ಹೋದದ್ದರ, ವಾಟ್ಸಾಪಿಗೆ ಬಂದ ಆ ಒಂದು ಫೋಟೋ ನೋಡಿ ಅಮ್ಮ ಫೋನಿನಲ್ಲಿ ಸರಿಯಾಗಿ ಬೈದಳು. ಅವಳು ಬೈಯುತ್ತಿರುವಾಗ ಪಕ್ಕದಲ್ಲಿ ನೀವು "ಯಾವ ಕೋವಿ ಕೇಳು, ಎಷ್ಟು ನಳಿಗೆ ಕೇಳು" ಅಂತ ಮೆಲ್ಲಗೆ ಹೇಳುತ್ತಿದ್ದದ್ದೂ ಕೇಳಿಸಿತು. ಇಬ್ಬರಿಗೂ ಫೋನಿನಲ್ಲಿ ಉತ್ತರ ಹೇಳಿ ಮುಗಿಯುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಅಮ್ಮನಿಗೂ ಓದಿ ಹೇಳಿ, ನಡುವೆ ಏನೂ ಹಾರಿಸಬೇಡಿ.

ಮೊದಲನೆಯದು, ಇದು ಕದ್ದುಮುಚ್ಚಿ ಮಾಡಿದ್ದಲ್ಲ. ಇಲ್ಲಿ ಸೆಪ್ಟೆಂಬರ್ 1ಕ್ಕೆ ಬೆಳವದ (ಪಾರಿವಾಳದ ಜಾತಿಯ ಸಣ್ಣ ಹಕ್ಕಿ) ಬೇಟೆ, ಕೆನಡಾ ಹೆಬ್ಬಾತಿನ ಮೊದಲ ಸೀಸನ್, ಎರಡೂ ಒಟ್ಟಿಗೆ ಶುರುವಾಗುತ್ತವೆ. ಹೆಬ್ಬಾತಿನ ಈ ಸೀಸನ್ 15ಕ್ಕೆ ಮುಗಿಯುತ್ತದೆ, ದೊಡ್ಡ ಸೀಸನ್ ಆಮೇಲೆ ಬೇರೆ ಬರುತ್ತದೆ. ಈ ಸಲ 1ನೇ ತಾರೀಖು ಸೋಮವಾರ ಬಿದ್ದು ಲೇಬರ್ ಡೇ ರಜೆಯೂ ಸಿಕ್ಕಿತು. ನನ್ನಂಥ ವೀಸಾದವರು ಸಾಮಾನ್ಯವಾಗಿ ಕೋವಿ ಮುಟ್ಟುವ ಹಾಗಿಲ್ಲ. ಬೇಟೆ ಲೈಸೆನ್ಸ್ ಇದ್ದರೆ ಮಾತ್ರ ಕಾನೂನಿನಲ್ಲೇ ವಿನಾಯಿತಿ ಇದೆ. 1973ರ ಜನವರಿ 1ರಿಂದ ಈಚೆಗೆ ಹುಟ್ಟಿದವರು ಆ ಲೈಸೆನ್ಸ್ ತೆಗೆದುಕೊಳ್ಳಬೇಕಾದರೆ ಕೋವಿ ಪಾಠ ಕಲಿತು ಪಾಸಾಗಬೇಕು. ಬೇಸಿಗೆಯಲ್ಲಿ ಅದನ್ನು ಮುಗಿಸಿಕೊಂಡೆ. ತರಗತಿ ತುಂಬ ಶಾಲೆ ಮಕ್ಕಳು, ನಡುವೆ ಮೀಸೆ ಇದ್ದವನು ನಾನೊಬ್ಬನೇ.

ಅಲ್ಲಿ ಕಲಿಸಿದ ಮುಖ್ಯ ಪಾಠ ನಾಲ್ಕು. ಎಲ್ಲ ಕೋವಿಯನ್ನೂ ಈಡು ತುಂಬಿದ ಕೋವಿ ಅಂತಲೇ ತಿಳಿ. ನಳಿಗೆ ಯಾವಾಗಲೂ ಅಪಾಯವಿಲ್ಲದ ಕಡೆ ಇರಲಿ. ಗುರಿ ಯಾವುದು, ಅದರ ಹಿಂದೆ ಏನಿದೆ ಅಂತ ಖಾತ್ರಿ ಮಾಡಿಕೋ. ಹೊಡೆಯುವವರೆಗೆ ಬೆರಳು ಟ್ರಿಗರ್ ಹತ್ತಿರ ಹೋಗಬಾರದು. ಅಜ್ಜಯ್ಯ ಅಟ್ಟದಿಂದ ಕೋವಿ ಇಳಿಸುವಾಗೆಲ್ಲ ನಮ್ಮನ್ನು ಗದರಿಸುತ್ತಿದ್ದದ್ದು ಇದನ್ನೇ ಅಲ್ವಾ? ನಾನು ದುಡ್ಡು ಕೊಟ್ಟು ಇನ್ನೊಂದು ಸಲ ಕೇಳಿಸಿಕೊಂಡು ಬಂದೆ, ಅಷ್ಟೇ.

ಈಗ ನಿಮ್ಮ ಪ್ರಶ್ನೆ. ಕೋವಿ ಆಫೀಸಿನ ಗೆಳೆಯನದು. 12 ಬೋರ್, ಒಂಟಿ ನಳಿಗೆ, ಪಂಪ್. ನಳಿಗೆ ಕೆಳಗಿನ ಹಿಡಿಯನ್ನು ಹಿಂದಕ್ಕೆಳೆದು ಮುಂದಕ್ಕೆ ದೂಡಿದರೆ ಖಾಲಿ ತೋಟೆ ಹೊರಗೆ ಹಾರಿ ಹೊಸದು ಒಳಗೆ ಕೂರುತ್ತದೆ. ನಮ್ಮ ಕೇಪಿನ ಕೋವಿಗೆ ಮದ್ದಿನ ಮಸಿ ಹಾಕಿ ಗಿಡಿಯುವ ಹೊತ್ತಿಗೆ ಇವರು ಶಿಕಾರಿ ಮುಗಿಸಿ ತಿಂಡಿ ತಿನ್ನುತ್ತಿರುತ್ತಾರೆ. ಹೆಚ್ಚು ತೋಟೆ ಹಿಡಿಯುವ ಕೋವಿಯಾದರೂ ವಲಸೆ ಹಕ್ಕಿಗೆ ಮೂರೇ ಇರಬೇಕು. ಅದಕ್ಕೆ ತೋಟೆ ತುಂಬುವ ಕೊಳವೆಯೊಳಗೆ ಒಂದು ಕಡ್ಡಿ ಇಟ್ಟು ಜಾಗ ಮುಚ್ಚಿರುತ್ತಾರೆ. ತೋಟೆಯೊಳಗಿನ ಚರೆ, ಅಂದರೆ ಸಣ್ಣ ಗುಂಡು, ಸೀಸದ್ದಲ್ಲ, ಉಕ್ಕಿನದು. ಕೆರೆ ತಳಕ್ಕೆ ಬಿದ್ದ ಸೀಸದ ಚರೆಯನ್ನು ಬಾತುಗಳು ಹರಳು ಅಂತ ನುಂಗಿ, ವಿಷವೇರಿ ಸಾಯುತ್ತಿದ್ದವು. 1991ರಿಂದ ನೀರುಹಕ್ಕಿಗೆ ಸೀಸದ ಚರೆ ಇಡೀ ದೇಶದಲ್ಲಿ ನಿಷೇಧ. ಉಕ್ಕು ಹಗುರ, ದೂರ ಹೋದಷ್ಟೂ ಪೆಟ್ಟು ಕಮ್ಮಿ. ಹಾಗಾಗಿ ಹಕ್ಕಿ ತೀರ ಹತ್ತಿರ ಬರುವ ತನಕ ಉಸಿರು ಹಿಡಿದು ಕಾಯಬೇಕು.

ಹೋದದ್ದು ನಾವು ನಾಲ್ಕು ಜನ. ಆಫೀಸಿನಲ್ಲಿ ನನ್ನ ಪಕ್ಕ ಕೂರುವವನು, ಅವನ ಮಾವ, ಗುಂಟೂರು ಕಡೆಯ ನಮ್ಮ ತೆಲುಗು ಗೆಳೆಯ, ನಾನು. ಜೊತೆಗೆ ಹೇಜಲ್ ಅಂತ ಒಂದು ಕರಿ ಲ್ಯಾಬ್ರಡಾರ್. ತೆಲುಗಿನವನು ಕೋವಿ ಮುಟ್ಟುವವನಲ್ಲ. ಫ್ಲಾಸ್ಕಿನಲ್ಲಿ ಚಹಾ ತುಂಬಿಕೊಂಡು ಕ್ಯಾಮೆರಾ ಹಿಡಿದು ಬಂದಿದ್ದ. ಆ ಫೋಟೋ ಅವನದೇ ಕೈವಾಡ. ಮಾವ ಡಾಡ್ಜ್ ಕೌಂಟಿಯಲ್ಲಿ ಹಾಲಿನ ದನ ಸಾಕುವ ರೈತ. ಮಾತು ಕಡಿಮೆ. ಹೊಲದ ಅಂಚಿನಲ್ಲಿ ನಿಂತು ಎರಡು ನಿಮಿಷ ಗಾಳಿ ನೋಡಿ, ಒಂದು ಕಡೆ ಕೈ ತೋರಿಸಿದರೆ ಮುಗಿಯಿತು.

ನಮ್ಮ ಕಡೆ ಶಿಕಾರಿ ಅಂದರೆ ಹಳು ನುಗ್ಗುವುದು, ನಾಯಿ ಬೊಗಳುವುದು, ಕೂಗಾಟ. ಇಲ್ಲಿ ಎಲ್ಲ ತಿರುಗುಮುರುಗು. ಹಿಂದಿನ ಸಂಜೆ ಹೆಬ್ಬಾತು ಯಾವ ಹೊಲದಲ್ಲಿ ಮೇಯುತ್ತವೆ ಅಂತ ರಸ್ತೆಯಲ್ಲಿ ಟ್ರಕ್ ನಿಲ್ಲಿಸಿ ದುರ್ಬೀನಿನಲ್ಲಿ ನೋಡಿಡುತ್ತಾರೆ. ತೊಂದರೆ ಕೊಡದಿದ್ದರೆ ಮರುದಿನ ಬೆಳಿಗ್ಗೆಯೂ ಅವು ಅಲ್ಲಿಗೇ ಬರುವುದು ಹೆಚ್ಚು. ಗೋಧಿ ಕುಯ್ದ ಹೊಲ, ಬರೀ ಕೂಳೆ, ಅಲ್ಲಲ್ಲಿ ಉದುರಿದ ಕಾಳು. ಕತ್ತಲಲ್ಲೇ ಹೋಗಿ ಪ್ಲಾಸ್ಟಿಕ್ ಹೆಬ್ಬಾತುಗಳನ್ನು ನೆಟ್ಟೆವು. ನಾನು ಸಾಲಾಗಿ ಇಡಲು ಹೊರಟರೆ ಮಾವ ತಲೆಯಾಡಿಸಿದರು. ಸೆಪ್ಟೆಂಬರ್ ಶುರುವಿನಲ್ಲಿ ಇವು ಇನ್ನೂ ದೊಡ್ಡ ಹಿಂಡು ಕಟ್ಟಿರುವುದಿಲ್ಲವಂತೆ. ಅಪ್ಪ, ಅಮ್ಮ, ಆ ವರ್ಷದ ಮರಿಗಳು ಅಂತ ಒಂದೊಂದು ಸಂಸಾರವಾಗಿ ತಿರುಗುತ್ತವೆ. ಅದಕ್ಕೆ ಗೊಂಬೆಗಳನ್ನೂ ನಾಲ್ಕೈದರ ಗುಂಪಾಗಿ, ಗುಂಪಿಗೂ ಗುಂಪಿಗೂ ಅಂತರ ಬಿಟ್ಟು ಇಡಬೇಕು. ನಡುವೆ ಒಂದು ಖಾಲಿ ಜಾಗ, ಬಂದವು ಇಳಿಯಲಿ ಅಂತ. ಗಾಳಿ ನಮ್ಮ ಬೆನ್ನಿಗೆ. ಹಕ್ಕಿ ಗಾಳಿಗೆ ಎದುರಾಗಿಯೇ ಇಳಿಯುತ್ತದೆ, ಅಂದರೆ ನಮ್ಮ ಮುಖಕ್ಕೇ ಬರುತ್ತದೆ.

ಆಮೇಲೆ ಚಪ್ಪಟೆ ಡೇರೆಯಂಥ ಒಂದರೊಳಗೆ ಅಂಗಾತ ಮಲಗಬೇಕು. ಅದರ ಮೈಗೆಲ್ಲ ಕೂಳೆ ಹುಲ್ಲು ಸಿಕ್ಕಿಸಿ ಮರೆ ಮಾಡಿರುತ್ತೇವೆ. ಸೂರ್ಯ ಹುಟ್ಟುವುದು 6:25ರ ಹೊತ್ತಿಗೆ. ಅದಕ್ಕೆ ಅರ್ಧ ಗಂಟೆ ಮೊದಲಿನಿಂದ ಹೊಡೆಯಬಹುದು, ಸೂರ್ಯ ಮುಳುಗಿದ ಮೇಲೆ ಇಲ್ಲ. ಆ ಅರ್ಧ ಗಂಟೆಯಲ್ಲಿ ಬಂದದ್ದು ಸೊಳ್ಳೆ ಮಾತ್ರ. ಅಮೆರಿಕದ ಸೊಳ್ಳೆ ಅಂತ ಏನೂ ನಾಜೂಕಿಲ್ಲ, ತೀರ್ಥಹಳ್ಳಿಯವೇ ವಾಸಿ.

ಮೊದಲು ಬಂದವು ಸ್ಯಾಂಡ್‌ಹಿಲ್ ಕ್ರೇನ್ ಅನ್ನುವ ದೊಡ್ಡ ಕೊಕ್ಕರೆಗಳು. ಎದೆಯ ಮಟ್ಟಕ್ಕೆ ಬರುವ ಹಕ್ಕಿ, ನೆತ್ತಿಯ ಮೇಲೆ ಕೆಂಪು. ಗೊಂಬೆಗಳ ನಡುವೆಯೇ ಇಳಿದು, ಒಂದೊಂದನ್ನೇ ಬಗ್ಗಿ ನೋಡುತ್ತ ಓಡಾಡಿದವು. ಈ ರಾಜ್ಯದಲ್ಲಿ ಅವನ್ನು ಹೊಡೆಯುವ ಹಾಗಿಲ್ಲ. ಯಾರೂ ಅಲುಗಾಡಲಿಲ್ಲ. ಹೇಜಲ್ ಕೂಡ ಮೂಗು ಮಾತ್ರ ಆಡಿಸಿತು.

ಬಿಸಿಲು ಚೆನ್ನಾಗಿ ಬಿದ್ದ ಮೇಲೆ ದೂರದಲ್ಲಿ ಹೆಬ್ಬಾತಿನ ಕೂಗು ಕೇಳಿಸಿತು. ಮಾವ ಕೊರಳಿಗೆ ಕಟ್ಟಿಕೊಂಡಿದ್ದ ಪೀಪಿ ಊದಿದರು. ಜೋರಾಗಿ ಅಲ್ಲ, ಎರಡು ಕೂಗು, ಆಮೇಲೆ ಗೊಣಗಿದ ಹಾಗೆ ಸಣ್ಣ ಸದ್ದು. ಆಫೀಸಿನ ಗೆಳೆಯ ಕರಿಬಟ್ಟೆಯ ಬಾವುಟವನ್ನು ಎರಡು ಸಲ ಬಡಿದ, ರೆಕ್ಕೆ ಬಡಿದ ಹಾಗೆ ಕಾಣಲಿ ಅಂತ. ಆರು ಹಕ್ಕಿ ನೇರ ನಮ್ಮ ಕಡೆ ತಿರುಗಿದವು. ಅಪ್ಪಯ್ಯ, ಅವು ಇಳಿಯುವುದನ್ನು ನೀವು ನೋಡಬೇಕಿತ್ತು. ರೆಕ್ಕೆ ಬಡಿಯುವುದು ನಿಲ್ಲಿಸಿ, ಕರಿ ಕಾಲು ಮುಂದಕ್ಕೆ ಚಾಚಿ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ವಾಲುತ್ತ, ಗಾಳಿಯಲ್ಲಿ ಸರಸರ ಸದ್ದು ಮಾಡುತ್ತ ತಲೆಯ ಮೇಲೇ ಬರುತ್ತವೆ. ಕೆನ್ನೆಯ ಬಿಳಿ ಪಟ್ಟಿ ಕಾಣುವಷ್ಟು ಹತ್ತಿರ. ಮಾವ "ಈಗ" ಅಂದರು. ಎದ್ದು ಕೂತು ಹೊಡೆದೆವು. ಆ ಬೆಳಿಗ್ಗೆ ನನ್ನ ಪಾಲಿಗೆ ಎರಡು ಬಿದ್ದವು. ಒಬ್ಬರಿಗೆ ದಿನಕ್ಕೆ ಐದರ ಮಿತಿ, ಅಲ್ಲಿಯವರೆಗೆ ಯಾರೂ ಹೋಗಲಿಲ್ಲ. ಬಿಸಿಲೇರುತ್ತಿದ್ದ ಹಾಗೆ ಮಾವ ಸಾಕು ಅಂದುಬಿಟ್ಟರು. ಸೆಪ್ಟೆಂಬರ್ ಸೆಕೆಗೆ ಮಾಂಸ ಬೇಗ ಕೆಡುತ್ತದೆ, ಹಕ್ಕಿಯನ್ನು ಐಸ್ ಪೆಟ್ಟಿಗೆಗೆ ಹಾಕುವುದು ತಡವಾಗಬಾರದು.

ನನ್ನ ಒಂದು ಹಕ್ಕಿಯ ಕಾಲಿನಲ್ಲಿ ಅಲ್ಯೂಮಿನಿಯಂ ಬಳೆ ಇತ್ತು, ಅದರ ಮೇಲೆ ನಂಬರು. ಬೇಸಿಗೆಯಲ್ಲಿ ಹೆಬ್ಬಾತುಗಳು ರೆಕ್ಕೆಯ ದೊಡ್ಡ ಗರಿ ಉದುರಿಸಿಕೊಂಡು ಕೆಲವು ವಾರ ಹಾರಲಾರದೆ ಇರುತ್ತವೆ. ಆಗ ಅವನ್ನು ಅಟ್ಟಿಕೊಂಡು ಬಂದು ಬಳೆ ಹಾಕಿ ಬಿಡುತ್ತಾರೆ. ಆ ನಂಬರನ್ನು ವೆಬ್‌ಸೈಟಿನಲ್ಲಿ ಬರೆದರೆ ಮೇರಿಲ್ಯಾಂಡಿನ ಸರ್ಕಾರಿ ಲ್ಯಾಬಿನವರು ಎಲ್ಲಿ, ಯಾವ ವರ್ಷ ಬಳೆ ಹಾಕಿದ್ದು ಅಂತ ತಿಳಿಸಿ ಒಂದು ಸರ್ಟಿಫಿಕೇಟ್ ಕೊಡುತ್ತಾರೆ. ಕಳಿಸಿದ್ದೇನೆ, ಉತ್ತರ ಇನ್ನೂ ಬರಬೇಕು. ಈ ದೊಡ್ಡ ಜಾತಿಯ ಹೆಬ್ಬಾತು ನಾಶವಾಗಿಯೇ ಹೋಯಿತು ಅಂತ ಒಂದು ಕಾಲದಲ್ಲಿ ಎಲ್ಲರೂ ಅಂದುಕೊಂಡಿದ್ದರು. 1962ರಲ್ಲಿ ಪಕ್ಕದ ಮಿನೆಸೋಟದ ರಾಚೆಸ್ಟರ್ ಕೆರೆಯಲ್ಲಿ ಹೆರಾಲ್ಡ್ ಹ್ಯಾನ್ಸನ್ ಅನ್ನುವವರು ಗುರುತು ಹಿಡಿದರು. ಈಗ ನಮ್ಮ ಆಫೀಸಿನ ಹುಲ್ಲಿನ ಮೇಲೆ ಹಿಕ್ಕೆ ಹಾಕಿ ಕಾಲಿಡಲು ಜಾಗ ಬಿಡುವುದಿಲ್ಲ. ಸೆಪ್ಟೆಂಬರಿನ ಈ ಮೊದಲ ಸೀಸನ್ ಇರುವುದೇ ಇಲ್ಲೇ ಹುಟ್ಟಿ ಇಲ್ಲೇ ಬೀಡುಬಿಟ್ಟಿರುವ ಇಂಥವನ್ನು ಕಡಿಮೆ ಮಾಡಲು.

ಟ್ರಕ್ ಹತ್ತಿರ ಬಂದಾಗ ಬೇಟೆಯ ಮೇಲೆ ಕಣ್ಣಿಡುವ ಸರ್ಕಾರಿ ವಾರ್ಡನ್ ನಿಂತಿದ್ದ. ನಮ್ಮ ಕಡೆಯ ರೂಢಿಗೆ ನನಗೆ ಎದೆ ಧಸಕ್ ಅಂದಿತು, ಕೋವಿ ಅಂದರೆ ನಮಗೆ ಗೊತ್ತಿರುವುದು ಚುನಾವಣೆ ಬಂದಾಗ ಠಾಣೆಗೆ ಹೊತ್ತುಕೊಂಡು ಹೋಗಿ ಇಟ್ಟು ಬರುವುದೇ ತಾನೆ. ಇವನು ನಕ್ಕು ಕೈಕುಲುಕಿದ. ಲೈಸೆನ್ಸ್ ನೋಡಿದ, ಕೋವಿಗೆ ಮೂರು ತೋಟೆ ಮಾತ್ರ ಹಿಡಿಯುತ್ತದಾ ಅಂತ ತುಂಬಿಸಿ ನೋಡಿದ, ಚರೆ ಉಕ್ಕಿನದಾ ಅಂತ ತೋಟೆ ತಿರುಗಿಸಿ ಓದಿದ. ಹಕ್ಕಿಗಳನ್ನು ಒಬ್ಬೊಬ್ಬರದು ಬೇರೆ ಬೇರೆಯಾಗಿಯೇ ಇಟ್ಟಿರಬೇಕು, ಒಟ್ಟು ಗುಡ್ಡೆ ಹಾಕುವ ಹಾಗಿಲ್ಲ. ಮನೆ ಮುಟ್ಟುವ ತನಕ ಒಂದು ರೆಕ್ಕೆಯನ್ನೋ ತಲೆಯನ್ನೋ ಪುಕ್ಕದ ಸಮೇತ ಬಿಟ್ಟಿರಬೇಕು, ಯಾವ ಹಕ್ಕಿ ಅಂತ ಗೊತ್ತಾಗಲು. ಎಲ್ಲ ನೋಡಿ "ಒಳ್ಳೆ ಬೆಳಗು" ಅಂದು ಹೋದ. ನನಗೆ ಕೋವಿಗಿಂತ, ಹಕ್ಕಿಗಿಂತ ಹೆಚ್ಚು ಆಶ್ಚರ್ಯ ಆದದ್ದು ಇದು. ನಮ್ಮಲ್ಲಿ ಅಜ್ಜಯ್ಯನ ಕಾಲದ ಶಿಕಾರಿ ಕಥೆಯನ್ನೂ ದನಿ ತಗ್ಗಿಸಿಯೇ ಹೇಳುತ್ತಾರೆ. ಇಲ್ಲಿ ಪೆಟ್ರೋಲ್ ಬಂಕಿನಲ್ಲಿ ಚಹಾ ಕೊಡುವ ಹೆಂಗಸೂ "ಎಷ್ಟು ಸಿಕ್ಕಿತು?" ಅಂತ ಕೇಳುತ್ತಾಳೆ.

ಸಂಜೆ ಬೆಳವಕ್ಕೆ ಹೋದೆವು. ಸರ್ಕಾರದ ಜಾಗ, ಬೇಟೆಗೆಂದೇ ಸೂರ್ಯಕಾಂತಿ ಬೆಳೆಸಿರುತ್ತಾರೆ. ಹೊಲದ ಅಂಚಿನಲ್ಲಿ ಬಕೆಟ್ ಮಗುಚಿ ಹಾಕಿಕೊಂಡು ಕೂರುವುದು. ಬೆಳವ ಬಾಣದ ಹಾಗೆ ಬಂದು ಥಟ್ಟನೆ ಪಕ್ಕಕ್ಕೆ ಹೊರಳುತ್ತದೆ. ಒಂದು ಹಕ್ಕಿಗೆ ಐದಾರು ತೋಟೆ ಸುಟ್ಟರೂ ಯಾರೂ ನಗುವುದಿಲ್ಲ. ದಿನಕ್ಕೆ ಹದಿನೈದರವರೆಗೆ ಬಿಡುತ್ತಾರೆ. ತಮಾಷೆ ಏನಂದರೆ, 1971ರಲ್ಲಿ ಈ ರಾಜ್ಯದವರು ಇದೇ ಬೆಳವವನ್ನು ಶಾಂತಿಯ ಗುರುತು ಅಂತ ಸಾರಿದ್ದಾರೆ. 2003ರಲ್ಲಿ ಅದನ್ನೇ ಹೊಡೆಯಲು ಸೀಸನ್ ತೆರೆದರು. ಬೇಡ ಅಂದವರು ಕೋರ್ಟಿಗೆ ಹೋಗಿ, ರಾಜ್ಯದ ಸುಪ್ರೀಂ ಕೋರ್ಟಿನ ತನಕ ಮುಟ್ಟಿ ಸೋತರು. ಎರಡೂ ಇವತ್ತಿಗೂ ಜಾರಿಯಲ್ಲಿವೆ, ಯಾರಿಗೂ ಅದರಿಂದ ನಿದ್ದೆ ಕೆಟ್ಟ ಹಾಗಿಲ್ಲ.

ಬೆಳವದ ಬೇಟೆ ನನಗೆ ಹಿಡಿಸಲಿಲ್ಲ. ಗುರಿ ಕಷ್ಟ ಅಂತಲ್ಲ. ಅಷ್ಟು ಸಣ್ಣ ಹಕ್ಕಿ, ಎದೆಯಲ್ಲಿ ಎರಡು ತುತ್ತು ಮಾಂಸ. ಇವರು ಅದಕ್ಕೆ ಹಸಿಮೆಣಸು ಇಟ್ಟು, ಬೇಕನ್ ಸುತ್ತಿ ಕೆಂಡದ ಮೇಲೆ ಸುಡುತ್ತಾರೆ. ರುಚಿ ಇದೆ, ಆದರೆ ಬಾಯಿಗೆ ಸಿಗುವುದು ಬೇಕನ್ ರುಚಿಯೇ. ಗೆಳೆಯರು ಮುಂದಿನ ವಾರವೂ ಕರೆದಿದ್ದಾರೆ. ಹೆಬ್ಬಾತಿಗಾದರೆ ಬರುತ್ತೇನೆ ಅಂದಿದ್ದೇನೆ.

ಇನ್ನು ಅಮ್ಮನಿಗೆ. "ಪಾಪ ಅಲ್ವೇನೋ?" ಅಂದೆಯಲ್ಲ. ಹೊಡೆದ ಹಕ್ಕಿಯ ಬೆಚ್ಚಗಿನ ಕತ್ತು ಕೈಯಲ್ಲಿ ಹಿಡಿದಾಗ ಏನೂ ಅನ್ನಿಸಲಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಹಬ್ಬಕ್ಕೆ ನಾಟಿಕೋಳಿ ಕುಯ್ಯುವಾಗ ರೆಕ್ಕೆ ಹಿಡಿಯುತ್ತಿದ್ದವಳು ನೀನೇ. ತಿನ್ನುವುದನ್ನು ಕೈಯಾರೆ ಕೊಂದದ್ದು ಪ್ಯಾಕೆಟ್ ತಂದದ್ದಕ್ಕಿಂತ ಜಾಸ್ತಿ ಪಾಪ ಅಂತ ನನಗೆ ಅನ್ನಿಸುತ್ತಿಲ್ಲ. ಹೆಬ್ಬಾತಿನ ಮಾಂಸ ಕೋಳಿಯ ಹಾಗಿಲ್ಲ, ಕುರಿಮಾಂಸದಷ್ಟು ಕೆಂಪು. ಎದೆಯದನ್ನು ನೀನು ಕಳಿಸಿದ ಕಾಳುಮೆಣಸು, ವಾಟೆಹುಳಿ ಹಾಕಿ ಹುರಿದೆ. ಕಾಲು ಮಾತ್ರ ಕುಕ್ಕರಿಗೂ ಬಗ್ಗಲಿಲ್ಲ, ಮತ್ತೆ ಮತ್ತೆ ಕೂಗಿಸಿದೆ. ಕಡುಬಿಗೆ ಅಕ್ಕಿತರಿ ಇಲ್ಲಿಯ ಅಂಗಡಿಯಲ್ಲೇ ಸಿಕ್ಕಿತು. ಮಾವ ಮೂರು ಸಲ ಹಾಕಿಸಿಕೊಂಡು ಉಂಡರು, ಮಾತಾಡಲಿಲ್ಲ.

ಹಾಗಂತ ನಮ್ಮಲ್ಲೂ ಹೀಗೆ ಬಿಡಬೇಕು ಅಂತ ಚಿಕ್ಕಯ್ಯನ ಹಾಗೆ ವಾದ ಮಾಡುವವನು ನಾನಲ್ಲ. ಇಲ್ಲಿ ನೀರುಹಕ್ಕಿ ಹೊಡೆಯುವ, ಹದಿನಾರು ತುಂಬಿದ ಪ್ರತಿಯೊಬ್ಬನೂ ಡಕ್ ಸ್ಟಾಂಪ್ ಅನ್ನುವ 25 ಡಾಲರಿನ ಸರ್ಕಾರಿ ಚೀಟಿ ಕೊಳ್ಳಬೇಕು. 1934ರಿಂದ ಇದೆ. ಆ ಹಣದ ಒಂದೊಂದು ಡಾಲರಿನಲ್ಲೂ 98 ಸೆಂಟು ಹಕ್ಕಿಗಳ ಜೌಗುನೆಲ ಉಳಿಸಲು ಹೋಗುತ್ತದೆ. ಮಾವನ ಹೊಲದಿಂದ ಅಷ್ಟೇನೂ ದೂರವಿಲ್ಲದ ಹೊರಿಕಾನ್ ಜೌಗು 33,000 ಎಕರೆ. ನೂರು ವರ್ಷದ ಹಿಂದೆ ಕಾಲುವೆ ತೋಡಿ ಬಸಿದು ಗದ್ದೆ ಮಾಡಲು ಹೋಗಿ ಸೋತು, ಮತ್ತೆ ನೀರು ನಿಲ್ಲಿಸಿದರು. 1941ರಲ್ಲಿ ಅಲ್ಲಿ ಹಕ್ಕಿಧಾಮವಾಯಿತು. ಅಷ್ಟು ನೆಲ, ಅಷ್ಟು ಲೆಕ್ಕ, ಅಷ್ಟು ಕಾವಲು ಇದ್ದಾಗ ಬೇಟೆ ಬೇರೆ ಮಾತು. ನಮ್ಮಲ್ಲಿ 1972ರ ವನ್ಯಜೀವಿ ಕಾನೂನು ಬಾರದೆ ಹೋಗಿದ್ದರೆ ಕಾಡಿನಲ್ಲಿ ಏನು ಉಳಿಯುತ್ತಿತ್ತು ಅಂತ ನೀವೇ ಹೇಳುತ್ತಿದ್ದಿರಿ. ಗದಗದ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತು ಬರುತ್ತವಲ್ಲ, ಆ ಕೆರೆ 2024ರಲ್ಲಿ ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗುನೆಲಗಳ ಪಟ್ಟಿಗೆ, ಸೇರಿತು. ಹೊರಿಕಾನ್ 1990ರಿಂದಲೂ ಅದೇ ಪಟ್ಟಿಯಲ್ಲಿದೆ. ಜನವರಿಯಲ್ಲಿ ಬಂದಾಗ ನಿಮ್ಮನ್ನು ಮಾಗಡಿಗೆ ಕರೆದುಕೊಂಡು ಹೋಗುತ್ತೇನೆ. ಸುಮ್ನೆ ನೋಡಿಕೊಂಡು ಬರೋಣ.

ಮಳೆ ಹೇಗಿದೆ? ಅಡಿಕೆಗೆ ಕೊಳೆ ಬಂದಿದೆ ಅಂತ ಚಿಕ್ಕಯ್ಯ ಹೇಳಿದ. ಇನ್ನೊಂದು ಸಲ ಬೋರ್ಡೋ ಮದ್ದು ಹೊಡೆಸುವುದಾದರೆ ನೀವು ತೋಟಕ್ಕೆ ಇಳಿಯಬೇಡಿ, ಆ ಮಂಡಿ ಇಟ್ಟುಕೊಂಡು ಜಾರುವ ದರೆಯಲ್ಲಿ ಯಾಕೆ? ಕೂಲಿ ದುಡ್ಡು ನಾನು ಹಾಕುತ್ತೇನೆ. ಚಿಕ್ಕಯ್ಯನಿಗೆ ಹೆಬ್ಬಾತಿನ ಪೀಪಿ ಬೇಕಂತೆ. ತರುತ್ತೇನೆ, ಆದರೆ ರಾತ್ರಿ ಹೊತ್ತು ಊದಿ ಅಮ್ಮನ ಕೈಯಲ್ಲಿ ಬೈಸಿಕೊಂಡರೆ ನಾನು ಜವಾಬ್ದಾರನಲ್ಲ ಅಂತ ಈಗಲೇ ಹೇಳಿಡಿ.

ಇಂತಿ ನಿಮ್ಮ ಮಗ