ಮಾದರಿ ರೈಲು: ಮೊದಲು ಹಳಿ, ಆಮೇಲೆ ಎಂಜಿನ್

ಮಾನ್ಯ ಸಂಪಾದಕರೇ,

1930ರ ದಶಕದ ಬ್ರಿಟಿಷ್ ರೈಲುಗಳ ಪುಟ್ಟ ಮಾದರಿಗಳನ್ನು ಇಂದು ಕಟ್ಟುವವರು ದುಡ್ಡೆಲ್ಲ ಎಂಜಿನ್‌ಗೆ ಸುರಿದು ಹಳಿಯನ್ನು ಕಡೆಗಣಿಸುವುದು ಬೇಸರದ ಸಂಗತಿ. ಓಓ (OO) ಎಂಬ ಮಾದರಿ ಅಳತೆಯಲ್ಲಿ ನಿಜವಾದ ರೈಲಿನ ಒಂದು ಅಡಿಗೆ 4 ಮಿ.ಮೀ.; ಆ ಲೆಕ್ಕಕ್ಕೆ ಹಳಿಗಳ ನಡುವೆ 18.83 ಮಿ.ಮೀ. ಬೇಕು, ಸಿಗುವುದು 16.5. ಅದನ್ನು ಒಪ್ಪಿಕೊಂಡರೂ ಸ್ಲೀಪರ್‌ಗಳನ್ನಾದರೂ (ಹಳಿಯಡಿಯ ಅಡ್ಡಪಟ್ಟಿಗಳು) ಸುಮಾರು 10 ಮಿ.ಮೀ.ಗೊಂದರಂತೆ ಕೂರಿಸಿ. ಒತ್ತೊತ್ತಾಗಿದ್ದರೆ ಬ್ರಿಟಿಷ್ ಹಳಿಯಂತೆ ಕಾಣುವುದೇ ಇಲ್ಲ.

ನಾಲ್ಕು ಗಾಲಿಯ ಶಂಟಿಂಗ್ ಎಂಜಿನ್ ಪಾಯಿಂಟ್ (ಹಳಿ ಕವಲೊಡೆಯುವ ಜಾಗ) ಮೇಲೆ ನಿಂತುಬಿಟ್ಟರೆ ಮೋಟಾರನ್ನು ದೂರಬೇಡಿ. ಎಂಜಿನ್‌ಗೆ ಕರೆಂಟ್ ಬರುವುದು ಹಳಿಯಿಂದ; ಪ್ಲಾಸ್ಟಿಕ್ ಫ್ರಾಗ್‌ನಲ್ಲಿ (ಕವಲಿನ ಒಳಹಳಿಗಳು ಕೂಡುವ ತುಂಡು) ಅದು ಹರಿಯುವುದಿಲ್ಲ, ಪುಟ್ಟ ಎಂಜಿನ್‌ನ ಗಾಲಿಗಳ ನಡುವೆ ಆ ತುಂಡನ್ನು ದಾಟುವಷ್ಟು ಅಂತರವಿರುವುದಿಲ್ಲ. ಲೋಹದ ಫ್ರಾಗ್ ಹಾಕಿ, ಪಾಯಿಂಟ್ ತಿರುಗಿದಂತೆ ಅದರ ಧ್ರುವವೂ ಬದಲಾಗುವಂತೆ ಸ್ವಿಚ್ ಜೋಡಿಸಿ. ಫ್ರಾಗ್‌ನಿಂದ ಮುಂದಕ್ಕೆ ಹೋಗುವ ಎರಡೂ ಒಳಹಳಿಗಳಿಗೆ ಪ್ಲಾಸ್ಟಿಕ್ ಜಾಯಿನರ್ (ಹಳಿ ಜೋಡಿಸುವ ತುಂಡು) ಬೇಕೇ ಬೇಕು, ಇಲ್ಲದಿದ್ದರೆ ಶಾರ್ಟ್ ಆಗುತ್ತದೆ.

ಕೊನೆಗೆ, ಮಾದರಿ 1930ರ ದಶಕದ್ದಾದ್ದರಿಂದ ವ್ಯಾಗನ್‌ಗಳ ಮೇಲೆ 1948ರ ನಂತರದ ಬ್ರಿಟಿಷ್ ರೈಲ್ವೇಸ್ ಗುರುತು ಇಲ್ಲವೆಂದು ನೋಡಿಕೊಳ್ಳಿ.

– ಮಾದರಿ ರೈಲು ಹವ್ಯಾಸಿ, ಬೆಂಗಳೂರು