ಡಯಾಲಿಸಿಸ್ ಘಟಕಕ್ಕೆ ಸೇರಿದ ಸೋದರ ಸೊಸೆಗೆ

ಚಿ. ವೀಣಾಳಿಗೆ ನಿನ್ನ ಸೋದರತ್ತೆಯ ಆಶೀರ್ವಾದಗಳು.

ತಾಲ್ಲೂಕು ಆಸ್ಪತ್ರೆಯ ಡಯಾಲಿಸಿಸ್ ಘಟಕದಲ್ಲಿ ನಿನಗೆ ಕೆಲಸವಾಯಿತೆಂದು ಅಣ್ಣ ತಿಳಿಸಿದಾಗ ಸಂತೋಷದ ಜೊತೆಗೆ ಒಂದಿಷ್ಟು ಅಳುಕೂ ಆಯಿತು. ಯಂತ್ರ ನಡೆಸುವುದನ್ನು ನಾನು ನಿನಗೆ ಕಲಿಸಬೇಕಾಗಿಲ್ಲ. ಆದರೆ ‘ಪಾಸಿಟಿವ್’ ಎಂಬ ಒಂದೇ ಮಾತಿನಲ್ಲಿ ಹೆಪಟೈಟಿಸ್ ಬಿ ಮತ್ತು ಸಿ ಎಂಬ ಯಕೃತ್ತಿನ ವೈರಸ್ ಸೋಂಕುಗಳೆರಡನ್ನೂ ಮುಗಿಸಿಬಿಡುವ ನಮ್ಮ ಹಳೆಯ ಅಭ್ಯಾಸ ನಿನಗೆ ಅಂಟದಿರಲೆಂದು ಇದನ್ನು ಬರೆಯುತ್ತಿದ್ದೇನೆ.

ನಾನು ಸ್ಟಾಫ್ ನರ್ಸ್ ಆಗಿದ್ದ ಘಟಕವೊಂದರಲ್ಲಿ ಜಾಗ ಸಾಲದೆ ಬಿ ರೋಗಿಗಳನ್ನೂ ಸಿ ರೋಗಿಗಳನ್ನೂ ಒಂದೇ ಕೋಣೆಯಲ್ಲಿ ಕೂರಿಸುತ್ತಿದ್ದೆವು. ಸಿ ಮಾತ್ರ ಇದ್ದ ಮೇಷ್ಟ್ರೊಬ್ಬರು ಅಲ್ಲಿಯೇ ವಾರಕ್ಕೆ ಮೂರು ಸಲ, ನಾಲ್ಕು ನಾಲ್ಕು ಗಂಟೆ ಕಳೆಯುತ್ತಿದ್ದರು. ಮುಂದೆ ಅವರಿಗೆ ಸಿ ಗುಣಪಡಿಸುವ 12 ವಾರಗಳ ಮಾತ್ರೆ ಆರಂಭವಾಯಿತು. ಬಹುಪಾಲು ಮಂದಿ ಗುಣವಾಗುವ ಔಷಧವೆಂಬ ಉತ್ಸಾಹದಲ್ಲಿ, ಅವರ ಬಿ ವರದಿ ಎಷ್ಟು ಹಳೆಯದೆಂದು ನನ್ನನ್ನೂ ಸೇರಿಸಿ ಯಾರೂ ನೋಡಲಿಲ್ಲ. ಎರಡು ತಿಂಗಳೊಳಗೆ ಅವರ ಕಣ್ಣು ಹಳದಿಯಾಯಿತು. ಎರಡೂ ವೈರಸ್‌ಗಳು ಒಂದೇ ಯಕೃತ್ತಿನಲ್ಲಿ ನೆಲೆಸಿದಾಗ ಸಾಮಾನ್ಯವಾಗಿ ಸಿ ವೈರಸ್ ಬಿ ವೈರಸ್ಸನ್ನು ಅದುಮಿಟ್ಟಿರುತ್ತದೆ, ಮಾತ್ರೆಯಿಂದ ಸಿ ತೊಲಗುತ್ತಿದ್ದಂತೆ ಬಿ ಹೆಡೆಯೆತ್ತಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2016ರಲ್ಲಿ ಈ ಎಚ್ಚರಿಕೆಯನ್ನು ಆ ಔಷಧಗಳ ವಿವರಪತ್ರದಲ್ಲಿಯೇ ಸೇರಿಸಲು ಹೇಳಿತು. ಮೇಷ್ಟ್ರು ಉಳಿದರು. ಬಿ ಅವರಿಗೆ ಎಲ್ಲಿಂದ ಬಂತೆಂದು ಆಣೆಯಿಟ್ಟು ಹೇಳಲಾರೆ, ಆದರೆ ನನ್ನ ಗುಮಾನಿ ಇಂದಿಗೂ ಆ ಕೋಣೆಯ ಮೇಲೆಯೇ.

ಬಿ ವೈರಸ್ ಒಣಗಿದ ರಕ್ತದ ಕಲೆಯಲ್ಲಿ ಕನಿಷ್ಠ 7 ದಿನ ಜೀವಂತವಾಗಿರಬಲ್ಲದು. ಆದ್ದರಿಂದ ಬಿ ಇದ್ದವರಿಗೆ ಪ್ರತ್ಯೇಕ ಕೋಣೆ, ಪ್ರತ್ಯೇಕ ಯಂತ್ರ ಬೇಕು, ಎರಡೂ ಸೋಂಕು ಇದ್ದವರೂ ಅಲ್ಲಿಗೇ ಸೇರಬೇಕು. ಸಿ ಮಾತ್ರ ಇದ್ದವರನ್ನು ಅಲ್ಲಿಗೆ ತಳ್ಳಬೇಡ. ಸಿ ಹರಡುವುದನ್ನು ತಡೆಯುವುದು ಬೇರೆ ಯಂತ್ರಕ್ಕಿಂತ ಹೆಚ್ಚಾಗಿ ನಿನ್ನ ಕೈಗಳು: ಒಬ್ಬ ರೋಗಿಯಿಂದ ಇನ್ನೊಬ್ಬರ ಬಳಿಗೆ ಹೋಗುವಾಗ ಕೈಗವಸು ಬದಲಿಸಿ ಕೈ ತೊಳೆಯುವುದು, ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಸೀಸೆಯನ್ನು ರೋಗಿಯ ಪಕ್ಕಕ್ಕೆ ಒಯ್ಯದೆ ಬೇರೆ ಶುಚಿಯಾದ ಮೇಜಿನಲ್ಲಿ ಸಿರಿಂಜ್ ತುಂಬುವುದು. (ರಶ್ಶಿನ ದಿನ ಮೊದಲು ಬಿಟ್ಟುಹೋಗುವುದು ಇದೇ.)

ಡಯಾಲಿಸಿಸ್ ರೋಗಿಗಳ ರೋಗನಿರೋಧಕ ಶಕ್ತಿ ಕುಗ್ಗಿರುವುದರಿಂದ ಸೋಂಕಿದ್ದೂ ಸಿ ಆ್ಯಂಟಿಬಾಡಿ (ವೈರಸ್ ವಿರುದ್ಧ ದೇಹ ತಯಾರಿಸುವ ಪ್ರತಿಕಾಯ) ಪರೀಕ್ಷೆ ನೆಗೆಟಿವ್ ಬರಬಹುದು. ಯಕೃತ್ತಿಗೆ ಪೆಟ್ಟಾದಾಗ ರಕ್ತದಲ್ಲಿ ಹೆಚ್ಚುವ ಎಎಲ್‌ಟಿ ಎಂಬ ಕಿಣ್ವ ಕಾರಣವಿಲ್ಲದೆ ಏರಿದರೆ, ವೈರಸ್ಸನ್ನೇ ನೇರವಾಗಿ ಹುಡುಕುವ ಆರ್‌ಎನ್‌ಎ ಪರೀಕ್ಷೆ ಮಾಡಿಸಲು ಡಾಕ್ಟರಿಗೆ ನೆನಪಿಸು. ಸಿ ಮಾತ್ರೆ ಆರಂಭಿಸುವ ಮುನ್ನ ಬಿ ಸೋಂಕು ಈಗ ಇದೆಯೇ ಎಂದು ತೋರಿಸುವ ಎಚ್‌ಬಿಎಸ್‌ಎಜಿ ಜೊತೆಗೆ, ಹಿಂದೆ ಎಂದಾದರೂ ತಗುಲಿತ್ತೇ ಎಂದು ತಿಳಿಸುವ ಕೋರ್ ಆ್ಯಂಟಿಬಾಡಿಯ ವರದಿಯೂ ಕಡತದಲ್ಲಿರಲಿ. 2018ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆಯೂ ಔಷಧವೂ ಉಚಿತವೆಂಬುದನ್ನು ರೋಗಿಯ ಮನೆಯವರಿಗೆ ತಿಳಿಸು.

ಬಿ ಲಸಿಕೆಯನ್ನು ಈ ರೋಗಿಗಳಿಗೆ ಇಮ್ಮಡಿ ಪ್ರಮಾಣದಲ್ಲಿ, ಸಾಮಾನ್ಯವಾಗಿ 40 ಮೈಕ್ರೊಗ್ರಾಂನಂತೆ ನಾಲ್ಕು ಸಲ ಕೊಡುತ್ತಾರೆ. ಕೊನೆಯ ಡೋಸ್ ಆದ ಒಂದೆರಡು ತಿಂಗಳಿಗೆ ಟೈಟರ್, ಅಂದರೆ ರಕ್ತದಲ್ಲಿನ ರಕ್ಷಕ ಆ್ಯಂಟಿಬಾಡಿಯ ಮಟ್ಟ, ಮಿಲಿಲೀಟರಿಗೆ 10 ಮಿಲಿ ಯೂನಿಟ್ ದಾಟಿದೆಯೇ ಎಂದು ನೋಡಬೇಕು, ಆಮೇಲೆ ವರ್ಷಕ್ಕೊಮ್ಮೆ. ನಿನಗೂ ಲಸಿಕೆಯಾಗಿದೆಯೆಂದು ಅಣ್ಣ ಹೇಳಿದ, ಟೈಟರ್ ಮಾತ್ರ ಅವನಿಗೆ ತಿಳಿದಿರಲಿಲ್ಲ. ಮಾಡಿಸಿ, ಎಷ್ಟು ಬಂತೆಂದು ನನಗೆ ಬರೆ.

ಇಂತು ನಿನ್ನ ಅತ್ತೆ