ವೇಗದ ಅಂಕಿ ಸರಿ, ವೋಚರ್ ಎಲ್ಲಿದೆ?

ಮಾನ್ಯ ಸಂಪಾದಕರೇ,

ಎಲ್ಲರೂ ಪ್ರತಿ ಇಟ್ಟುಕೊಳ್ಳುವ ಡಿಜಿಟಲ್ ಲೆಕ್ಕಪುಸ್ತಕವಾದ ಬ್ಲಾಕ್‌ಚೈನ್‌ನ ವೇಗದ ಸಮಸ್ಯೆ, ವಹಿವಾಟನ್ನು ಮುಖ್ಯ ಚೈನ್‌ನ ಹೊರಗೆ ನಡೆಸುವ 'ಎರಡನೇ ಪದರ'ದಿಂದ ಬಗೆಹರಿದಿದೆ ಎಂದು ಸಾರುವ ಲೇಖನವೊಂದು ನಿಮ್ಮ ವಾಣಿಜ್ಯ ಪುಟದಲ್ಲಿ ಬಂದಿತ್ತು. ಜೊತೆಗಿದ್ದ ಪಟ್ಟಿಯಲ್ಲಿ ಲೈಟ್ನಿಂಗ್, ರೋನಿನ್, ಆರ್ಬಿಟ್ರಮ್ ಮೂರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿ, ಸೆಕೆಂಡಿಗೆ ಎಷ್ಟು ವಹಿವಾಟು ಎಂಬ ಅಂಕಿಯನ್ನಷ್ಟೇ ಕೊಡಲಾಗಿತ್ತು. ಲೆಕ್ಕಪರಿಶೋಧನೆಯಲ್ಲೇ ಕೂದಲು ನರೆಸಿಕೊಂಡವನು ನಾನು. ಯಾವ ಕಚೇರಿಗೆ ಹೋದರೂ ನಾನು ಮೊದಲು ಕೇಳುತ್ತಿದ್ದುದು ವೋಚರ್ ಎಲ್ಲಿದೆ ಎಂದು. ಈ ಮೂರಕ್ಕೂ ಅದೇ ಪ್ರಶ್ನೆ ಹಾಕಿ ನೋಡಿ. ಲೆಕ್ಕ ಇಟ್ಟುಕೊಂಡವನು ನಾಳೆ ಬಾಗಿಲು ಹಾಕಿದರೆ, ಯಾರ ದಯೆಯೂ ಇಲ್ಲದೆ ನನ್ನ ಹಣವನ್ನು ಯಾವ ದಾಖಲೆ ತೋರಿಸಿ ಬಿಡಿಸಿಕೊಳ್ಳಲಿ? ಮೂರೂ ಕೊಡುವ ಉತ್ತರ ಒಂದಕ್ಕೊಂದು ಸಂಬಂಧವಿಲ್ಲದ್ದು. ಹೀಗೆ ಹೊರಗೆ ಲೆಕ್ಕ ನಡೆಸುವ ಆಫ್-ಚೈನ್ ತಂತ್ರಗಳು ಬೆಳೆದು ಬಂದಿರುವುದೇ ಈ ಪ್ರಶ್ನೆಯ ಬೆನ್ನು ಹತ್ತಿ.

ಬಿಟ್‌ಕಾಯಿನ್‌ನಲ್ಲಿ ಸುಮಾರು 10 ನಿಮಿಷಕ್ಕೊಂದು ಬ್ಲಾಕ್, ಎಂದರೆ ವಹಿವಾಟುಗಳ ಒಂದು ಕಟ್ಟು. 2010ರಲ್ಲಿ ಬ್ಲಾಕಿಗೆ 1 ಮೆಗಾಬೈಟ್ ಮಿತಿ ಬಿತ್ತು. ಸೆಕೆಂಡಿಗೆ ಏಳು ವಹಿವಾಟು ಆದರೆ ಹೆಚ್ಚು. ಮಿತಿಯನ್ನೇ ಏರಿಸಿ ಎಂದು ಪಟ್ಟು ಹಿಡಿದವರು 2017ರ ಆಗಸ್ಟ್‌ನಲ್ಲಿ ಬಿಟ್‌ಕಾಯಿನ್ ಕ್ಯಾಶ್ ಎಂದು ಬೇರೆಯಾದರು. ಉಳಿದವರ ವಾದ ಬೇರೆ: ಇಬ್ಬರ ನಡುವಿನ ಪ್ರತಿಯೊಂದು ಪಾವತಿಯನ್ನೂ ಜಗತ್ತಿನ ಎಲ್ಲರ ಪುಸ್ತಕದಲ್ಲಿ ಬರೆಯುವ ಅಗತ್ಯವಾದರೂ ಏನು?

ಈ ವಾದಕ್ಕೆ ಗಟ್ಟಿ ರೂಪ ಕೊಟ್ಟವರು ಜೋಸೆಫ್ ಪೂನ್ ಮತ್ತು ಥ್ಯಾಡಿಯಸ್ ಡ್ರೈಜಾ. 2015ರಲ್ಲಿ ಬಂದ ಅವರ ಲೈಟ್ನಿಂಗ್ ಕರಡಿನ ಜಾಣತನ ನನಗೆ ಇಂದಿಗೂ ಮೆಚ್ಚುಗೆ. ಇಬ್ಬರು ಸೇರಿ 1,00,000 ಸತೋಶಿಯನ್ನು (ಬಿಟ್‌ಕಾಯಿನ್‌ನ ಚಿಲ್ಲರೆ ಘಟಕ), ಇಬ್ಬರ ಸಹಿಯೂ ಬೀಳದೆ ಅಲುಗದ ವಿಳಾಸಕ್ಕೆ ಹಾಕುತ್ತಾರೆ. ನನಗೆ 60,000, ನಿಮಗೆ 40,000 ಎಂಬ ಹಂಚಿಕೆಗೆ ಇಬ್ಬರೂ ಸಹಿ ಮಾಡಿ, ಅದನ್ನು ಚೈನ್‌ಗೆ ಕಳಿಸದೆ ತಮ್ಮಲ್ಲೇ ಇಟ್ಟುಕೊಳ್ಳುತ್ತಾರೆ. ನಾನು ನಿಮಗೆ 5,000 ಕೊಟ್ಟರೆ 55,000 ಮತ್ತು 45,000 ಎಂದು ಹೊಸ ಹಂಚಿಕೆ. ಜೊತೆಗೆ ಹಳೆಯದನ್ನು ರದ್ದು ಮಾಡುವ ರಹಸ್ಯ ಕೀಲಿಯನ್ನು ಪರಸ್ಪರ ಒಪ್ಪಿಸಬೇಕು. ಮುಂದೆ ನಾನು ದುರಾಸೆಯಿಂದ ಹಳೆಯ ಹಂಚಿಕೆಯನ್ನೇ ಚೈನ್‌ಗೆ ಸಲ್ಲಿಸಿದರೆ, ಗಡುವಿನೊಳಗೆ ನೀವು ಆ ಕೀಲಿ ಬಳಸಿ ಪೂರ್ತಿ ಒಂದು ಲಕ್ಷವನ್ನೂ ಬಾಚಿಕೊಳ್ಳಬಹುದು. ಇಲ್ಲಿ ವೋಚರ್ ನಿಮ್ಮ ಕೈಯಲ್ಲೇ ಇದೆ. ಅದನ್ನು ಕಾಯುವ ಹೊಣೆಯೂ ನಿಮ್ಮದೇ. ನೀವು ಜಾಲದಿಂದ ದೂರವಿದ್ದಾಗ ಮೋಸ ನಡೆದರೆ ಗಡುವು ಮೀರಿಹೋದೀತು. ಅದಕ್ಕೆಂದೇ ಬೇರೆಯವರ ಪರವಾಗಿ ಕಣ್ಣಿಡುವ ವಾಚ್‌ಟವರ್‌ಗಳು ಹುಟ್ಟಿಕೊಂಡವು. ಯಾರೋ ತಿದ್ದಿದರೆ ವಹಿವಾಟಿನ ಗುರುತಿನ ಸಂಖ್ಯೆಯೇ ಬದಲಾಗಿಬಿಡುವ ಹಳೆಯ ಲೋಪವನ್ನು ಸೆಗ್‌ವಿಟ್ ಎಂಬ ಬಿಟ್‌ಕಾಯಿನ್ ಮಾರ್ಪಾಡು 2017ರಲ್ಲಿ ಸರಿಪಡಿಸಿದ ಮೇಲೆ, 2018ರ ಹೊತ್ತಿಗೆ ಲೈಟ್ನಿಂಗ್ ನಿಜವಾದ ಹಣದೊಂದಿಗೆ ಓಡತೊಡಗಿತು. ಸಣ್ಣ ಪಾವತಿಗಳಿಗೆ ಇದು ಸೊಗಸಾದ ಏರ್ಪಾಡು. ಆದರೆ ಹಣ ಪಡೆಯಬೇಕಾದರೂ ಎದುರಿನವರು ಮೊದಲೇ ಚಾನೆಲ್‌ನಲ್ಲಿ, ಎಂದರೆ ಆ ಜಂಟಿ ಏರ್ಪಾಡಿನಲ್ಲಿ, ಹಣ ಕಟ್ಟಿಟ್ಟಿರಬೇಕು ಎಂಬ ಮಾತು ಹೊಸಬರಿಗೆ ತಲೆಗೆ ಹತ್ತುವುದೇ ಇಲ್ಲ.

ಇನ್ನೊಂದು ದೊಡ್ಡ ಬ್ಲಾಕ್‌ಚೈನ್ ಆದ ಇಥೀರಿಯಮ್‌ಗೆ ಪಾವತಿಯೊಂದೇ ಸಾಲದು, ಪ್ರೋಗ್ರಾಮ್‌ಗಳೂ ಓಡಬೇಕು. 2017ರ ಆಗಸ್ಟ್‌ನಲ್ಲಿ ಅದೇ ಪೂನ್, ಇಥೀರಿಯಮ್‌ನ ಸಂಸ್ಥಾಪಕರಲ್ಲೊಬ್ಬರಾದ ವಿಟಾಲಿಕ್ ಬ್ಯುಟೆರಿನ್ ಜೊತೆಗೂಡಿ ಪ್ಲಾಸ್ಮಾ ಮುಂದಿಟ್ಟರು. ಸಾವಿರಾರು ವಹಿವಾಟುಗಳನ್ನು ನಿರ್ವಾಹಕ ಹೊರಗಡೆಯೇ ನಡೆಸಿ, ಅವೆಲ್ಲದರ ಸಾರವಾಗಿ 32 ಬೈಟ್‌ನ ಮರ್ಕಲ್ ರೂಟ್ ಒಂದನ್ನು ಮಾತ್ರ ಮುಖ್ಯ ಚೈನ್‌ಗೆ ಹಾಕುತ್ತಾನೆ. ಕಾಗದದ ಮೇಲೆ ಸೊಗಸು. ಆದರೆ ನಿರ್ವಾಹಕ ರೂಟ್ ಹಾಕಿ, ಅದರ ಹಿಂದಿನ ದತ್ತಾಂಶವನ್ನು ಮುಚ್ಚಿಟ್ಟರೆ? ಬಳಕೆದಾರ 'ಕೊಡಲಿಲ್ಲ' ಎನ್ನುತ್ತಾನೆ, ನಿರ್ವಾಹಕ 'ಕೇಳಲೇ ಇಲ್ಲ' ಎನ್ನುತ್ತಾನೆ. ಹೊರಗೆ ನಿಂತ ಮೂರನೆಯವನಿಗೆ ಸುಳ್ಳು ಯಾರದೆಂದು ತೀರ್ಮಾನಿಸಲು ಆಧಾರವೇ ಇಲ್ಲ. ಆಡಿಟ್ ಆಕ್ಷೇಪಣೆಗೆ ಬಂದ ಅರ್ಧದಷ್ಟು ಉತ್ತರಗಳಲ್ಲಿ ನಾನು ಓದಿದ್ದು ಇದೇ ಜಗಳ! ಅನುಮಾನ ಬಂದ ತಕ್ಷಣ ಎಲ್ಲರೂ ಒಟ್ಟಿಗೆ ಹೊರಡಬೇಕು. ಹೊರಡುವ ದಾರಿಯಾದರೋ ಅದೇ ಇಕ್ಕಟ್ಟಿನ ಮುಖ್ಯ ಚೈನ್. ಸುಧಾರಿತ ಆವೃತ್ತಿಗಳು ಹಲವು ಬಂದರೂ ಈ ಮುಳ್ಳು ಪೂರ್ತಿ ಕಳಚಲಿಲ್ಲ. 2020ರ ಜನವರಿಯಲ್ಲಿ ಪ್ಲಾಸ್ಮಾ ಗ್ರೂಪ್ ಎಂಬ ಸಂಶೋಧನಾ ತಂಡ ಆ ಹೆಸರನ್ನೇ ಕೈಬಿಟ್ಟು ಆಪ್ಟಿಮಿಸಂ ಆಯಿತು.

ರೋನಿನ್‌ನದು ಇವೆರಡಕ್ಕೂ ಸೇರದ ಜಾತಿ. ಅದು ಹುಟ್ಟಿದ್ದು ಸೈಡ್‌ಚೈನ್ ಆಗಿ, ಎಂದರೆ ತನ್ನದೇ ಕಾವಲುಗಾರರಿರುವ ಬೇರೆ ಚೈನ್. ಇಥೀರಿಯಮ್‌ಗೂ ಅದಕ್ಕೂ ನಡುವೆ ಹಣ ಸಾಗಿಸುವ ಸೇತುವೆಯಿಂದ ಹಣ ಬಿಡುಗಡೆಗೆ ವ್ಯಾಲಿಡೇಟರ್ ಎನ್ನುವ 9 ಕಾವಲುಗಾರರಲ್ಲಿ 5 ಸಹಿ ಸಾಕಿತ್ತು. 2022ರ ಮಾರ್ಚ್ 23ರಂದು ಐದು ಕೀಲಿಗಳು ಕಳ್ಳರ ಕೈಸೇರಿ 60 ಕೋಟಿ ಡಾಲರ್‌ಗೂ ಮೀರಿದ ಮೊತ್ತ ಹೋಯಿತು. ಗೊತ್ತಾದದ್ದು 29ರಂದು, ಅದೂ ಬಳಕೆದಾರರೊಬ್ಬರಿಗೆ ಹಣ ತೆಗೆಯಲಾಗದೇ ಹೋದಾಗ. ಇದನ್ನು ಲೈಟ್ನಿಂಗ್ ಪಕ್ಕದಲ್ಲಿ ಕೂರಿಸಿದ ನಿಮ್ಮ ಪಟ್ಟಿ ಈ ಸಂಗತಿಗೆ ಒಂದು ಅಡಿಟಿಪ್ಪಣಿಯನ್ನೂ ಕೊಟ್ಟಿಲ್ಲ.

ಪ್ಲಾಸ್ಮಾದ ಸೋಲಿನಿಂದ ಬಂದದ್ದು ರೋಲಪ್. ಲೆಕ್ಕ ಮಾಡುವ ಕೆಲಸ ಹೊರಗೆ, ಲೆಕ್ಕದ ದತ್ತಾಂಶ ಮಾತ್ರ ಅಡಕವಾಗಿ ಮುಖ್ಯ ಚೈನ್‌ನಲ್ಲೇ. 110 ಬೈಟ್‌ನಷ್ಟು ಹಿಡಿಯುವ ಸರಳ ಪಾವತಿ ಇಲ್ಲಿ 12 ಬೈಟ್‌ನ ಆಸುಪಾಸಿಗೆ ಕುಗ್ಗುತ್ತದೆ. ವೋಚರ್ ಎಲ್ಲರ ಕಣ್ಣೆದುರೇ ಇರುವುದರಿಂದ 'ಕೊಡಲಿಲ್ಲ', 'ಕೇಳಲಿಲ್ಲ' ಎಂಬ ಜಗಳಕ್ಕೆ ಎಡೆಯಿಲ್ಲ. ಲೆಕ್ಕ ಸರಿಯಿದೆ ಎಂಬುದಕ್ಕೆ ಜ಼ಡ್‌ಕೆ ರೋಲಪ್ ಗಣಿತದ ಪುರಾವೆ ಒದಗಿಸುತ್ತದೆ. ಆರ್ಬಿಟ್ರಮ್‌ನಂಥ ಆಪ್ಟಿಮಿಸ್ಟಿಕ್ ರೋಲಪ್, ಸರಿಯೆಂದೇ ನಂಬಿ, ಆಕ್ಷೇಪಕ್ಕೆ ಸುಮಾರು ಏಳು ದಿನ ಬಿಡುತ್ತದೆ. 2024ರ ಮಾರ್ಚ್ 13ರಿಂದ ಈ ದತ್ತಾಂಶಕ್ಕೆ ಬ್ಲಾಬ್ ಎಂಬ ಪ್ರತ್ಯೇಕ, ಅಗ್ಗದ ಜಾಗ ಸಿಕ್ಕಿದೆ. ಒಂದೊಂದು 128 ಕಿಲೋಬೈಟ್, ಸುಮಾರು 18 ದಿನ ಇಟ್ಟು ಅಳಿಸಲಾಗುತ್ತದೆ. ದಾಖಲೆ ಅಳಿಸುವುದೆಂದರೆ ನನ್ನಂಥವನಿಗೆ ಮೈ ಉರಿಯಬೇಕು. ಆದರೆ ಆಕ್ಷೇಪದ ಏಳು ದಿನ ಈ ಅವಧಿಯೊಳಗೇ ಮುಗಿಯುತ್ತದೆ, ಬೇಕಾದವರು ಪ್ರತಿ ತೆಗೆದಿಟ್ಟುಕೊಳ್ಳಲೂ ಸಮಯವಿದೆ. ನನ್ನ ಮಟ್ಟಿಗೆ ಇದು ಒಪ್ಪತಕ್ಕ ವ್ಯವಸ್ಥೆ.

ನಾನೇ ಸಣ್ಣ ಮೊತ್ತವೊಂದನ್ನು ಇದೇ ಆಪ್ಟಿಮಿಸ್ಟಿಕ್ ಬಗೆಯ ರೋಲಪ್ ಆದ ಆಪ್ಟಿಮಿಸಂನಿಂದ ಹೊರತೆಗೆದು ನೋಡಿದ್ದೇನೆ. ಮೊದಲು ರೋಲಪ್‌ನಲ್ಲಿ ಒಂದು ಅರ್ಜಿ, ಆಮೇಲೆ ಮುಖ್ಯ ಚೈನ್‌ನಲ್ಲಿ ಅದರ ಪುರಾವೆ, ಏಳು ದಿನ ಕಾದು ಅಂತಿಮ ಸಹಿ. ಮುಖ್ಯ ಚೈನ್‌ನ ಎರಡು ಹೆಜ್ಜೆಗಳಿಗೂ ಶುಲ್ಕ ಬೇರೆ. ಕಾಯಲಾರದವರಿಗೆ ಕಮಿಷನ್ ಹಿಡಿದು ಕೂಡಲೇ ಹಣ ಕೊಡುವ ಖಾಸಗಿ ಸೇತುವೆಗಳಿವೆ. ಬಹುಪಾಲು ಜನ ಹೋಗುವುದು ಅಲ್ಲಿಗೇ.

ಹಾಗೆಂದು ರೋಲಪ್‌ಗೆ ಪೂರ್ಣಾಂಕ ಕೊಡಲಾರೆ. ಹೆಚ್ಚಿನವುಗಳಲ್ಲಿ ವಹಿವಾಟುಗಳ ಸರದಿ ನಿರ್ಧರಿಸುವ ಸೀಕ್ವೆನ್ಸರ್ ಒಂದೇ ಸಂಸ್ಥೆಯ ಕೈಯಲ್ಲಿದೆ. 2024ರ ಜೂನ್‌ನಲ್ಲಿ ಲೀನಿಯಾ ಎಂಬ ರೋಲಪ್, ತನ್ನ ಮೇಲೆ ನಡೆಯುತ್ತಿದ್ದ ವಿನಿಮಯ ಕೇಂದ್ರವೊಂದರ ಕಳ್ಳತನ ತಡೆಯಲು ಇಡೀ ಜಾಲವನ್ನೇ ಸ್ವಲ್ಪ ಹೊತ್ತು ನಿಲ್ಲಿಸಿತು. ಉದ್ದೇಶ ಒಳ್ಳೆಯದೇ ಇರಬಹುದು, ನಿಲ್ಲಿಸಬಲ್ಲೆವು ಎಂಬುದಂತೂ ಜಗಜ್ಜಾಹೀರಾಯಿತು. ಆಪ್ಟಿಮಿಸಂನಲ್ಲಿ ಯಾರು ಬೇಕಾದರೂ ಆಕ್ಷೇಪ ಸಲ್ಲಿಸುವ ಏರ್ಪಾಡು ಬಂದದ್ದೂ ಅದೇ ತಿಂಗಳು. ಅಲ್ಲಿಯವರೆಗೆ ಏಳು ದಿನದ ಗಡುವಿತ್ತು, ಸಾರ್ವಜನಿಕರು ಆಕ್ಷೇಪಿಸಲು ಕಿಟಕಿಯೇ ಇರಲಿಲ್ಲ.

ಎಲ್‌2ಬೀಟ್ ಎಂಬ ಜಾಲತಾಣ ರೋಲಪ್‌ಗಳನ್ನು 0, 1, 2 ಎಂದು ಹಂತಗಳಲ್ಲಿ ವಿಂಗಡಿಸಿ, ಕೋಡ್ ಬದಲಿಸುವ ಕೀಲಿ ಯಾರ ಬಳಿಯಿದೆ, ಬದಲಾವಣೆಗೆ ಮುನ್ನ ಎಷ್ಟು ದಿನದ ಸೂಚನೆ ಸಿಗುತ್ತದೆ ಎಂಬುದನ್ನೂ ಪ್ರಕಟಿಸುತ್ತದೆ. ಆಕ್ಷೇಪಕ್ಕೆ ಏಳು ದಿನವಿದ್ದು, ರೋಲಪ್‌ನ ಕೋಡನ್ನೇ ಸೂಚನೆಯಿಲ್ಲದೆ ತಿದ್ದುವ ಅಧಿಕಾರ ನಾಲ್ಕಾರು ಜನರಿಗಿದ್ದರೆ ಆ ಏಳು ದಿನಕ್ಕೆ ಬೆಲೆ ಏನು? ನಿಮ್ಮ ವರದಿಗಾರರು ಮುಂದಿನ ಸಲ ಇಂಥ ಕಂಪನಿಯವರನ್ನು ಸಂದರ್ಶಿಸುವಾಗ ಈ ಪ್ರಶ್ನೆ ಕೇಳಿ, ಬಂದ ಉತ್ತರವನ್ನು ಹಾಗೆಯೇ ಅಚ್ಚು ಹಾಕಬೇಕೆಂದು ಕೋರುತ್ತೇನೆ.

ಇತಿ,
ನಿವೃತ್ತ ಲೆಕ್ಕಪರಿಶೋಧಕ, ನಿಮ್ಮ ಓದುಗ